ಬೆಲ್ಟಿನ ಗಾಡಿ, ಗ್ರಹಗಳ ಗಾಡಿ

ಎರಡರಲ್ಲೂ ಕ್ಲಚ್ ತುಳಿಯುವ ಕೆಲಸವಿಲ್ಲ, ಗೇರು ಬದಲಿಸುವ ಗೋಜಿಲ್ಲ. ಎರಡರ ಹೆಸರಿನಲ್ಲೂ ‘ಸಿವಿಟಿ’ (ಕಂಟಿನ್ಯುಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್) ಇದೆ. ಆದರೆ ಮುಚ್ಚಳ ಬಿಚ್ಚಿದರೆ ಒಂದರೊಳಗೆ ಪುಲ್ಲಿ ಮತ್ತು ಬೆಲ್ಟು, ಇನ್ನೊಂದರೊಳಗೆ ಸೂರ್ಯ ಮತ್ತು ಗ್ರಹಗಳು! ಹೈಬ್ರಿಡ್ ಕಾರಿನ ಒಳಗುಟ್ಟು ಮಾರಿಕುಪ್ಪಂನ ಗ್ಯಾರೇಜೊಂದರಲ್ಲಿ ಆಯುಧಪೂಜೆಯ ದಿನ ಬಿಚ್ಚಿಕೊಂಡ ಬಗೆ ಇದು.

ಕೋಲಾರ ಚಿನ್ನದ ಗಣಿಗಳ ಊರು ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಹಳಿ ಮುಗಿಯುತ್ತದೆ. ಬಂಗಾರಪೇಟೆಯಲ್ಲಿ ದೊಡ್ಡ ಲೈನಿನಿಂದ ಕವಲೊಡೆದು, ಕೋರಮಂಡಲ್, ಬೆಮೆಲ್ ನಗರ, ಊರಿಗಾಂ, ಚಾಂಪಿಯನ್ ದಾಟಿ ಬರುವ ರೈಲಿಗೆ ಇದೇ ಕಡೆಯ ನಿಲ್ದಾಣ. ಬೆಳಗಿನ ಜಾವ ಇಲ್ಲಿಂದ ಬೆಂಗಳೂರಿಗೆ ದುಡಿಯಲು ಹೊರಡುವವರ ಜಾತ್ರೆಯೇ ನೆರೆದಿರುತ್ತದೆ. ಮಹಾನವಮಿಯ ದಿನ ಮಾತ್ರ ಪ್ಲಾಟ್‌ಫಾರಂ ನಿರಾಳ. ಹೊರಗೆ ರಸ್ತೆಯಲ್ಲಿ ಬೂದಗುಂಬಳ ಒಡೆದ ಕುಂಕುಮದ ಕೆಂಪು, ಬಾಳೆಕಂದು ಕಟ್ಟಿಕೊಂಡ ಆಟೋಗಳು, ದೂರದಲ್ಲಿ ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳ ಮಾಸಲು ಬಿಳುಪು.

ಸ್ಟೇಷನ್ನಿನಿಂದ ಸ್ವಲ್ಪ ದೂರದ ಗ್ಯಾರೇಜಿನಲ್ಲಿ ಸ್ಪ್ಯಾನರು, ಜಾಕಿ, ಸುತ್ತಿಗೆಗಳಿಗೆಲ್ಲ ವಿಭೂತಿ ಪಟ್ಟೆ ಬಿದ್ದಿತ್ತು. ಅಂಗಳದಲ್ಲಿ ಎರಡು ಗಾಡಿ. ಒಂದು ಬಣ್ಣ ಮಾಸಿದ ಹೋಂಡಾ ಆಕ್ಟಿವಾ; ಬೆಲ್ಟು ಬದಲಿಸುವ ಕೆಲಸ ಹಿಂದಿನ ದಿನ ಅರ್ಧಕ್ಕೇ ನಿಂತು, ಎಡಪಕ್ಕದ ಕವರು ಬಿಚ್ಚಿಕೊಂಡೇ ಪೂಜೆಗೆ ನಿಂತಿತ್ತು. ಇನ್ನೊಂದು ಹೊಸ ಟೊಯೊಟಾ ಇನ್ನೋವಾ ಹೈಕ್ರಾಸ್, ಹೈಬ್ರಿಡ್. ಮಲ್ಲಿಗೆ ಹಾರ ತೊಟ್ಟು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟುಕೊಂಡು, ತಿರುಪತಿ ಟ್ರಿಪ್ಪಿಗೆ ಹೊರಡಲು ಕಾದಿತ್ತು.

ಅದರ ಚಾಲಕನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ‘ಮೇಸ್ತ್ರಿ, ಇದೂ ಸಿವಿಟಿ ಅಂತೆ. ಸ್ಕೂಟರ್ ಥರ ಇದಕ್ಕೆ ಬೆಲ್ಟ್ ಯಾವಾಗ ಹಾಕಿಸ್ಬೇಕು?’

ಮೇಸ್ತ್ರಿ ನಕ್ಕರು. ‘ಇದ್ರಲ್ಲಿ ಬೆಲ್ಟೇ ಇಲ್ಲಪ್ಪ.’

ಬೆಲ್ಟೇ ಇಲ್ಲದಿದ್ದರೆ ಇನ್ನೇನಿದೆ? ಮಾಲೂರಿನಲ್ಲೂ ಮುಳಬಾಗಿಲಿನಲ್ಲೂ ಹೈಬ್ರಿಡ್ ಕೊಳ್ಳಲು ದುಡ್ಡು ಹೊಂದಿಸುತ್ತಿರುವ ಎಷ್ಟೋ ಜನರಿಗೆ ಇದೇ ಗೊಂದಲವಿದೆ. ಅದು ಅವರ ತಪ್ಪಲ್ಲ. ಹೆಸರೇ ದಾರಿ ತಪ್ಪಿಸುತ್ತದೆ.

ಮೊದಲು ಆಕ್ಟಿವಾ

ಕೋಲಾರ ಜಿಲ್ಲೆಯವರಿಗೆ ಬೆಲ್ಟಿನ ಸಿವಿಟಿ ಹೊರಗಿನದಲ್ಲ. ನರಸಾಪುರದಲ್ಲಿ 2013ರಿಂದ ನಡೆಯುತ್ತಿರುವ ಹೋಂಡಾ ಕಾರ್ಖಾನೆಯಲ್ಲಿ ಆಕ್ಟಿವಾ ತಯಾರಾಗುತ್ತದೆ. ಅಲ್ಲಿಂದ ಹೊರಬೀಳುವ ಒಂದೊಂದು ಪೆಟ್ರೋಲ್ ಸ್ಕೂಟರಿನ ಎಡಪಕ್ಕದಲ್ಲೂ ಪುಟ್ಟದೊಂದು ಸಿವಿಟಿ ಕೂತಿರುತ್ತದೆ.

ಬಿಚ್ಚಿದ ಕವರಿನೊಳಗೆ ಎರಡು ಪುಲ್ಲಿ ಕಾಣುತ್ತಿತ್ತು. ಮುಂದಿನದು ಎಂಜಿನ್ನಿಗೆ ಸೇರಿದ್ದು, ಹಿಂದಿನದು ಚಕ್ರಕ್ಕೆ. ಒಂದೊಂದು ಪುಲ್ಲಿಯೂ ಮುಖಾಮುಖಿ ಇಟ್ಟ ಎರಡು ಓರೆ ತಟ್ಟೆಗಳ ಜೋಡಿ. ತಟ್ಟೆಗಳು ದೂರವಿದ್ದರೆ ಬೆಲ್ಟು ಒಳಗೆ ಜಾರಿ ಸಣ್ಣ ಸುತ್ತು ಸುತ್ತುತ್ತದೆ. ಹತ್ತಿರ ಬಂದರೆ ಮೇಲೇರಿ ದೊಡ್ಡ ಸುತ್ತು ಸುತ್ತುತ್ತದೆ.

ಮುಂದಿನ ಪುಲ್ಲಿಯ ಬೆನ್ನಿಗೆ ಗೋಲಿಯಂಥ ಆರು ರೋಲರುಗಳಿವೆ. ಎಂಜಿನ್ ಜೋರಾದಂತೆ ಅವು ತಿರುಗುವ ರಭಸಕ್ಕೆ ಹೊರಕ್ಕೆ ಚಿಮ್ಮಿ ತಟ್ಟೆಯನ್ನು ಒತ್ತುತ್ತವೆ. ಮುಂದೆ ಬೆಲ್ಟು ಮೇಲೇರುತ್ತದೆ, ಹಿಂದೆ ಅಷ್ಟೇ ಕೆಳಗಿಳಿಯುತ್ತದೆ. ಸೈಕಲ್ಲಿನಲ್ಲಿ ಸಣ್ಣ ಚಕ್ರದಿಂದ ದೊಡ್ಡದಕ್ಕೆ ಚೈನು ಹಾರಿಸಿದಂತೆಯೇ ಇದು, ಆದರೆ ನಡುವೆ ಮೆಟ್ಟಿಲುಗಳಿಲ್ಲ. ಮೊದಲ ಗೇರಿನಿಂದ ಟಾಪ್ ಗೇರಿನವರೆಗೆ ಒಂದೇ ಇಳಿಜಾರು. ಜರ್ಕ್ ಇಲ್ಲದಿರುವುದು ಅದಕ್ಕೇ.

ಕಾರಿನ ಸಿವಿಟಿಯೂ ಇದೇ ವಂಶದ್ದು. ಅಲ್ಲಿ ರಬ್ಬರಿನ ಬದಲು ಉಕ್ಕಿನ ಬೆಲ್ಟು. ತೆಳು ಉಕ್ಕಿನ ಬಿಲ್ಲೆಗಳನ್ನು ನೂರಾರು ಲೆಕ್ಕದಲ್ಲಿ ಸಾಲಾಗಿ ಪೋಣಿಸಿ, ಉಕ್ಕಿನ ಪಟ್ಟಿಗಳಿಂದ ಬಿಗಿದಿರುತ್ತಾರೆ. ಅದರ ವಿಶೇಷವೆಂದರೆ ಅದು ಎಳೆಯುವುದಿಲ್ಲ, ತಳ್ಳುತ್ತದೆ. ಒಂದು ಬಿಲ್ಲೆ ಮುಂದಿನದನ್ನು ನೂಕುತ್ತ ಎಂಜಿನ್ನಿನ ಬಲವನ್ನು ಚಕ್ರದ ಕಡೆ ಸಾಗಿಸುತ್ತದೆ. ತಟ್ಟೆಗಳನ್ನು ಒತ್ತಿ ಹಿಡಿಯುವ ಕೆಲಸ ಎಣ್ಣೆಯ ಒತ್ತಡದ್ದು.

ಇದರ ದೌರ್ಬಲ್ಯವೂ ಇಲ್ಲೇ ಇದೆ. ಬೆಲ್ಟಿಗೆ ಹಲ್ಲಿಲ್ಲ, ಅದು ಬದುಕುವುದು ಹಿಡಿತದಿಂದ. ಹಿಡಿತ ಸಡಿಲಿದರೆ ಜಾರುತ್ತದೆ, ಜಾರಿದರೆ ಸವೆಯುತ್ತದೆ. ಸಡಿಲದಂತೆ ಸದಾ ಅದುಮಿ ಹಿಡಿಯಲು ಪಂಪು ದುಡಿಯುತ್ತಲೇ ಇರಬೇಕು, ಅದರ ಖರ್ಚು ಎಂಜಿನ್ನಿನ ಲೆಕ್ಕಕ್ಕೆ. ಸಿವಿಟಿಗೆ ಅದರದೇ ಎಣ್ಣೆ ಹಾಕಬೇಕು, ಸಿಕ್ಕಿದ್ದನ್ನು ಸುರಿಯಬಾರದು ಎಂದು ಮೆಕ್ಯಾನಿಕ್‌ಗಳು ಬೈದು ಹೇಳುವುದು ಸುಮ್ಮನೆ ಅಲ್ಲ.

> ಹಿಂದಕ್ಕೂ ಅಷ್ಟೇ ವೇಗ
> ಬೆಲ್ಟಿನ ಸಿವಿಟಿಯನ್ನು ಜನಸಾಮಾನ್ಯರ ಕಾರಿಗೆ ತಂದವರು ನೆದರ್‌ಲ್ಯಾಂಡ್ಸ್‌ನ ಹುಬ್ ವಾನ್ ಡೋರ್ನೆ. 1958ರಲ್ಲಿ ಆಮ್‌ಸ್ಟರ್‌ಡಾಂ ಮೋಟಾರು ಪ್ರದರ್ಶನದಲ್ಲಿ ಕಂಡ ಡಾಫ್ 600 ಕಾರಿನಲ್ಲಿ ರಬ್ಬರ್ ಬೆಲ್ಟಿತ್ತು. ಆ ವ್ಯವಸ್ಥೆಯಲ್ಲಿ ಹಿಮ್ಮುಖ ಚಲನೆಗೂ ಪೂರ್ತಿ ಅನುಪಾತ ಸಿಗುತ್ತಿದ್ದುದರಿಂದ ಡಾಫ್ ಕಾರುಗಳು ಮುಂದಕ್ಕೆ ಓಡುವಷ್ಟೇ ವೇಗದಲ್ಲಿ ಹಿಂದಕ್ಕೂ ಓಡಬಲ್ಲವಾಗಿದ್ದವು. ಡಚ್ಚರು ಅವುಗಳ ಹಿಮ್ಮುಖ ರೇಸನ್ನೇ ನಡೆಸುತ್ತಿದ್ದರು. ಉಕ್ಕಿನ ಬೆಲ್ಟು 1987ರಲ್ಲಿ ಸುಬಾರು ಜಸ್ಟಿ ಕಾರಿಗೆ ಬಂತು. ಭಾರತದ ರಸ್ತೆಗೆ ಗೇರಿಲ್ಲದ ಸ್ಕೂಟರಿನ ರುಚಿ ಹತ್ತಿಸಿದ್ದು 1984ರ ಕೈನೆಟಿಕ್ ಹೋಂಡಾ.

ಅಂಗೈಯಲ್ಲಿ ಸೌರಮಂಡಲ

ಹೈಬ್ರಿಡ್‌ನ ವಿಷಯಕ್ಕೆ ಬಂದಾಗ ಮೇಸ್ತ್ರಿ ಮಾತಾಡಲಿಲ್ಲ. ಒಳಗೆ ಹೋಗಿ ಸತ್ತುಹೋದ ಸೆಲ್ಫ್ ಮೋಟಾರೊಂದನ್ನು ತಂದರು. ನಾಲ್ಕು ಸ್ಕ್ರೂ ಬಿಚ್ಚಿ, ಅದರ ಮೂತಿಯೊಳಗಿಂದ ಅಂಗೈಯಗಲದ ಗೇರುಗಳ ಗೊಂಚಲನ್ನು ಕಿತ್ತು, ಪೆಟ್ರೋಲಿನಲ್ಲಿ ತೊಳೆದು ನನ್ನ ಕೈಗಿಟ್ಟರು.

ನಡುವೆ ಒಂದು ಸಣ್ಣ ಗೇರು. ಅದರ ಸುತ್ತ ಮೂರು ಗೇರು, ಒಂದೇ ತಟ್ಟೆಗೆ ಕೂರಿಸಿದ್ದು. ಅವೆಲ್ಲವನ್ನೂ ಸುತ್ತುವರಿದು, ಒಳಮೈಗೆ ಹಲ್ಲಿರುವ ಒಂದು ಬಳೆ. ನಡುವಿನದು ಸೂರ್ಯ, ಸುತ್ತಲಿನವು ಗ್ರಹಗಳು, ಹೊರಗಿನದು ಉಂಗುರ. ಕಾರ್ಖಾನೆಯ ಕನ್ನಡದಲ್ಲಿ ಇದು ‘ಪ್ಲಾನೆಟರಿ ಗೇರು’.

ಸೂರ್ಯನ ಮೇಲೂ ಉಂಗುರದ ಮೇಲೂ ಸೀಮೆಸುಣ್ಣದ ಗುರುತು ಹಾಕಿದೆವು. ನಾನು ಉಂಗುರವನ್ನು ಬಿಗಿಯಾಗಿ ಹಿಡಿದೆ, ಮೇಸ್ತ್ರಿ ಗ್ರಹಗಳ ತಟ್ಟೆಯನ್ನು ಒಂದು ಸುತ್ತು ತಿರುಗಿಸಿದರು. ಸೂರ್ಯ ಗಿರ್ರನೆ ಹಲವು ಸುತ್ತು ಸುತ್ತಿತು. ಆಮೇಲೆ ತಟ್ಟೆಯನ್ನು ಹಿಡಿದು ಉಂಗುರವನ್ನು ತಿರುಗಿಸಿದರೆ, ಸೂರ್ಯ ಉಲ್ಟಾ ತಿರುಗಿತು. ಕಡೆಗೆ ಯಾವುದನ್ನೂ ಹಿಡಿಯದೆ ತಟ್ಟೆಯನ್ನು ಮಾತ್ರ ತಿರುಗಿಸಿದೆವು. ಉಂಗುರಕ್ಕೆ ನನ್ನ ಹೆಬ್ಬೆರಳು ಒತ್ತಿದಷ್ಟೂ ಸೂರ್ಯನ ವೇಗ ಹೆಚ್ಚಿತು. ಸೂರ್ಯನನ್ನು ತಡೆದರೆ ಉಂಗುರ ಮುಂದೆ ಓಡಿತು.

ಟೊಯೊಟಾ ಹೈಬ್ರಿಡ್ ಕಾರಿನ ಗೇರ್‌ಬಾಕ್ಸ್ ಎಂದರೆ ಇದೇ. ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಯಾವ ಗೇರೂ ಜಾಗ ಬದಲಿಸುವುದಿಲ್ಲ, ಯಾವ ಪುಲ್ಲಿಯೂ ಹಿಗ್ಗುವುದಿಲ್ಲ, ಯಾವ ಕ್ಲಚ್ಚೂ ಬಿಡುವುದಿಲ್ಲ. ಬೆಲ್ಟಿನ ಸಿವಿಟಿ ಅನುಪಾತವನ್ನೇ ಬದಲಿಸುತ್ತದೆ. ಟೊಯೊಟಾ ಹೈಬ್ರಿಡ್‌ನಲ್ಲಿ ಹಲ್ಲಿನ ಲೆಕ್ಕ ಹುಟ್ಟಿನಿಂದ ಸಾವಿನವರೆಗೆ ಅದೇ. ಬದಲಾಗುವುದು ಯಾರು ಎಷ್ಟು ವೇಗದಲ್ಲಿ ತಿರುಗಬೇಕು ಎಂಬುದು ಮಾತ್ರ.

ಸೂರ್ಯನಿಗೆ ಒಂದು ವಿದ್ಯುತ್ ಯಂತ್ರ ಸೇರಿಸಿ, ಅದು ಮುಖ್ಯವಾಗಿ ಡೈನಮೋ. ಗ್ರಹಗಳ ತಟ್ಟೆಗೆ ಪೆಟ್ರೋಲ್ ಎಂಜಿನ್. ಉಂಗುರದಿಂದ ಬಲ ಚಕ್ರಕ್ಕೆ ಹೋಗುತ್ತದೆ, ಅದೇ ದಾರಿಗೆ ಎರಡನೆಯ ದೊಡ್ಡ ಮೋಟಾರೂ ಸೇರುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನ ರಸ್ತೆಗಿಳಿದ ಪ್ರಿಯಸ್ ಇದೇ ವಿನ್ಯಾಸದ್ದು. ಮೋಟಾರಿನ ಜಾಗ, ಗಾತ್ರ ಆಮೇಲೆ ಬದಲಾಗಿವೆ, ಮೂಲ ತತ್ವ ಬದಲಾಗಿಲ್ಲ.

ಇಲ್ಲಿ ನನ್ನ ಹೆಬ್ಬೆರಳು ಮಾಡಿದ ಕೆಲಸವನ್ನು ಕಾರಿನಲ್ಲಿ ಡೈನಮೋ ಮಾಡುತ್ತದೆ. ಅದರ ವೇಗವನ್ನು ಕಂಪ್ಯೂಟರ್ ಏರಿಸಿ ಇಳಿಸಿದರೆ ಸಾಕು. ಕಾರು ಗಂಟೆಗೆ 30 ಕಿ.ಮೀ.ನಲ್ಲಿರಲಿ, 90ರಲ್ಲಿರಲಿ, ಎಂಜಿನ್ ತನಗೆ ಹಿತವೆನಿಸುವ ವೇಗದಲ್ಲಿ ತಿರುಗಬಹುದು. ಮೆಟ್ಟಿಲಿಲ್ಲದ ಇಳಿಜಾರು ಇಲ್ಲಿಯೂ ಸಿಕ್ಕಿತು, ಆದರೆ ಬೆಲ್ಟಿಲ್ಲದೆ. ಹೆಸರಿನಲ್ಲಿ ‘ಇ-ಸಿವಿಟಿ’ ಎಂದು ಸೇರಿಕೊಂಡದ್ದು ಈ ಹೋಲಿಕೆಯಿಂದ.

> 30, 23, 78
> ಮೊದಲ ತಲೆಮಾರುಗಳ ಪ್ರಿಯಸ್‌ನಲ್ಲಿ ಸೂರ್ಯ ಗೇರಿಗೆ 30 ಹಲ್ಲು, ಗ್ರಹಕ್ಕೆ 23, ಉಂಗುರಕ್ಕೆ 78. ಈ ಲೆಕ್ಕದಿಂದ ಎಂಜಿನ್ ಟಾರ್ಕಿನ 100 ಪಾಲಿನಲ್ಲಿ ಸುಮಾರು 72 ಉಂಗುರಕ್ಕೆ, 28 ಸೂರ್ಯನಿಗೆ. ಈ ಪಾಲು ಎಂದೂ ಬದಲಾಗದು. ಕಾರು ನಿಂತಿದ್ದು ಎಂಜಿನ್ ನಿಮಿಷಕ್ಕೆ 1,000 ಸುತ್ತು ಹಾಕಿದರೆ ಸೂರ್ಯ 3,600 ಸುತ್ತು ಹಾಕುತ್ತದೆ. ಎಂಜಿನ್ ಆರಿಸಿ ಮೋಟಾರಿನಲ್ಲೇ ಹೋಗುವಾಗ ಉಂಗುರ 1,000 ಸುತ್ತಿದರೆ ಸೂರ್ಯ ಹಿಮ್ಮುಖವಾಗಿ 2,600.

ಇಲ್ಲದಿರುವುದರ ಪಟ್ಟಿ

ಯಂತ್ರವೊಂದನ್ನು ಮೆಚ್ಚಲು ಅದರಲ್ಲಿ ಏನೇನಿದೆ ಎಂದು ಎಣಿಸುವುದು ರೂಢಿ. ಈ ಗೇರ್‌ಬಾಕ್ಸಿನ ಮಟ್ಟಿಗೆ ನನಗೆ ಇಷ್ಟವಾದದ್ದು ಅದರಲ್ಲಿ ಇಲ್ಲದಿರುವುದು. ಇದರಲ್ಲಿ ಸೆಲ್ಫ್ ಮೋಟಾರಿಲ್ಲ: ಎಂಜಿನ್ನನ್ನು ಎಬ್ಬಿಸುವುದು ಸೂರ್ಯನಿಗೆ ಕಟ್ಟಿದ ಯಂತ್ರವೇ. ಬೇರೆ ಆಲ್ಟರ್ನೇಟರ್ ಇಲ್ಲ. ರಿವರ್ಸ್ ಗೇರೂ ಇಲ್ಲ: ದೊಡ್ಡ ಮೋಟಾರು ಉಲ್ಟಾ ತಿರುಗಿದರೆ ಕಾರು ಹಿಂದೆ ಹೋಯಿತು. ಸೆಲ್ಫ್ ಮೋಟಾರಿನ ಗೇರು ಹಿಡಿದು, ಸೆಲ್ಫ್ ಮೋಟಾರೇ ಇಲ್ಲದ ಕಾರನ್ನು ಅರ್ಥಮಾಡಿಕೊಂಡೆವಲ್ಲ ಎಂದು ಮೇಸ್ತ್ರಿ ಮತ್ತೆ ನಕ್ಕರು.

ಕ್ಲಚ್ಚಿನ ಅಗತ್ಯ ಏಕಿಲ್ಲ? ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ಎಳೆಯಲಾರದು. ಮೊದಲು ತಾನು ತಿರುಗಬೇಕು, ಆಮೇಲೆ ಬಲ. ಹಾಗಾಗಿ ತಿರುಗುವ ಎಂಜಿನ್ನನ್ನೂ ನಿಂತ ಚಕ್ರವನ್ನೂ ಮೆಲ್ಲಗೆ ಕೂಡಿಸಲು ಮಧ್ಯಸ್ಥ ಬೇಕು. ವಿದ್ಯುತ್ ಮೋಟಾರು ಸೊನ್ನೆ ವೇಗದಲ್ಲೇ ಪೂರ್ತಿ ಬಲ ಕೊಡುತ್ತದೆ. ಎಂಜಿನ್ನಿನ ಕೊರತೆ ಇರುವಲ್ಲೇ ಮೋಟಾರಿನ ಶಕ್ತಿ.

ಆ ಶಕ್ತಿಯನ್ನು ಕೆಜಿಎಫ್ ಬಹಳ ಮೊದಲೇ ಕಂಡ ಊರು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ 147 ಕಿ.ಮೀ. ತಂತಿ ಎಳೆದು ತಂದ ಕರೆಂಟು ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಇಂದಿನ ರಾಜಧಾನಿ ಎಣ್ಣೆ ದೀಪದಲ್ಲಿದ್ದಾಗ ಇಲ್ಲಿ ಹಬೆಯಂತ್ರದ ಜಾಗಕ್ಕೆ ವಿದ್ಯುತ್ ಮೋಟಾರು ಬಂದಿತ್ತು.

ಮೋಟಾರು ಜೊತೆಗಿರುವುದರಿಂದ ಹೈಬ್ರಿಡ್ ಕಾರಿನ ಎಂಜಿನ್ನಿಗೂ ಒಂದು ಸ್ವಾತಂತ್ರ್ಯ ಸಿಗುತ್ತದೆ. ಅಟ್ಕಿನ್ಸನ್ ಆವರ್ತ ಎಂಬ ಕ್ರಮದಲ್ಲಿ ಅದನ್ನು ಕಟ್ಟುತ್ತಾರೆ. ಕಡಿಮೆ ಕುಡಿಯುತ್ತದೆ, ಆದರೆ ಕೆಳಗಿನ ವೇಗದಲ್ಲಿ ದಮ್ಮು ಕಡಿಮೆ. ಒಂಟಿಯಾಗಿದ್ದರೆ ಆ ಎಂಜಿನ್ನನ್ನು ಯಾರೂ ಮೆಚ್ಚುತ್ತಿರಲಿಲ್ಲ.

ಇಳಿಜಾರಿನಲ್ಲಿ ಕಥೆ ಇನ್ನೂ ಚೆಂದ. ತಿರುಮಲದ ಘಾಟಿ ಇಳಿಯುವ ಬೆಲ್ಟಿನ ಕಾರು ಬ್ರೇಕಿನ ಶಕ್ತಿಯನ್ನು ಶಾಖ ಮಾಡಿ ಗಾಳಿಗೆ ಬಿಡುತ್ತದೆ. ಹೈಬ್ರಿಡ್‌ನಲ್ಲಿ ದೊಡ್ಡ ಮೋಟಾರು ಡೈನಮೋ ಆಗಿ, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಉದ್ದದ ಘಾಟಿಯಲ್ಲಿ ಬ್ಯಾಟರಿ ಭರ್ತಿಯಾದರೆ ಪೆಟ್ರೋಲ್ ಇಲ್ಲದೆಯೇ ಎಂಜಿನ್ನನ್ನು ತಿರುಗಿಸಿ ವೇಗ ತಡೆಯುತ್ತದೆ. ಇಳಿಯುತ್ತಿರುವಾಗ ಎಂಜಿನ್ ಏಕೆ ಗುಡುಗುತ್ತಿದೆ ಎಂದು ಗಾಬರಿಯಾಗುವ ಚಾಲಕರಿಗೆ ಇದನ್ನು ತಿಳಿಸಿ ಹೇಳಬೇಕು.

ಒಂದೇ ಗಾಡಿ, ಎರಡು ಹೊಟ್ಟೆ

ಎರಡನ್ನೂ ತೂಗಿ ನೋಡಲು ದೂರ ಹೋಗಬೇಕಿಲ್ಲ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಎರಡು ರೂಪದಲ್ಲೂ ಬರುತ್ತದೆ. ಎರಡಕ್ಕೂ 2 ಲೀಟರಿನ ಪೆಟ್ರೋಲ್ ಎಂಜಿನ್. ಬರೀ ಪೆಟ್ರೋಲಿನದಕ್ಕೆ ಬೆಲ್ಟಿನ ಸಿವಿಟಿ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದರ ಮೈಲೇಜು ಲೀಟರಿಗೆ 16.13 ಕಿ.ಮೀ. ಗ್ರಹಗಳ ಗೇರಿರುವ ಹೈಬ್ರಿಡ್‌ಗೆ 23.24. ರಸ್ತೆಯಲ್ಲಿ ಎರಡೂ ಸಂಖ್ಯೆ ಇಳಿಯುತ್ತವೆ, ಆದರೆ ನಡುವಿನ ಅಂತರ ಗಮನಿಸಿ.

ಆ ಅಂತರವೆಲ್ಲ ಗೇರ್‌ಬಾಕ್ಸ್ ಒಂದರಿಂದಲೇ ಬಂದದ್ದಲ್ಲ. ಎಂಜಿನ್ ಆರಿಸಿಕೊಂಡು ಸಾಗುವುದು, ಬ್ರೇಕಿನಲ್ಲಿ ಗಳಿಸುವುದು, ಅಟ್ಕಿನ್ಸನ್ ಎಂಜಿನ್, ಎಲ್ಲ ಸೇರಿ ಆಗಿದೆ. ಆದರೆ ಇವೆಲ್ಲವನ್ನೂ ಒಂದೇ ಸಂಸಾರದಲ್ಲಿ ಬಾಳಿಸುತ್ತಿರುವುದು ಆ ಗೇರುಗಳ ಗೊಂಚಲು.

ಹಾಗಾದರೆ ಬೆಲ್ಟಿನ ಸಿವಿಟಿ ದಂಡವೇ? ಖಂಡಿತ ಅಲ್ಲ. ಅದು ಕಡಿಮೆ ಬೆಲೆಗೆ ಸಿಗುತ್ತದೆ, ಅದಕ್ಕೆ ದೊಡ್ಡ ಬ್ಯಾಟರಿ ಬೇಡ, ಇನ್ವರ್ಟರ್ ಬೇಡ. ಹೊಸಕೋಟೆಯಿಂದ ಸುಂದರಪಾಳ್ಯದವರೆಗಿನ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ವೇಗದಲ್ಲಿ ಸಾಗುವವನಿಗೆ ಹೈಬ್ರಿಡ್‌ನ ಲಾಭ ಕಡಿಮೆ, ಏಕೆಂದರೆ ಅಲ್ಲಿ ಬ್ರೇಕ್ ಒತ್ತುವ ಸಂದರ್ಭವೇ ಅಪರೂಪ. ಬಂಗಾರಪೇಟೆಯ ಪೇಟೆಬೀದಿಯಲ್ಲಿ, ಪಾನಿಪುರಿ ಗಾಡಿಗಳ ಮುಂದೆ ನಿಂತು ನಿಂತು ತೆವಳುವವನಿಗೆ ಹೈಬ್ರಿಡ್ ದುಡ್ಡು ಉಳಿಸುತ್ತದೆ. ಕೊಳ್ಳುವ ಮೊದಲು ಮೈಲೇಜು ಚೀಟಿಗಿಂತ ನಿಮ್ಮ ದಿನದ ದಾರಿಯನ್ನು ನೋಡಿಕೊಳ್ಳಿ ಎಂಬುದು ನನ್ನ ಕೋರಿಕೆ.

> ಅದೇ ಹೆಸರು, ಮೂರನೆಯ ಯಂತ್ರ
> ಹೋಂಡಾ ಸಿಟಿಯ ಹೈಬ್ರಿಡ್ 2022ರಲ್ಲಿ ಭಾರತಕ್ಕೆ ಬಂತು. ಅದೂ ‘ಇ-ಸಿವಿಟಿ’. ಆದರೆ ಅದರಲ್ಲಿ ಬೆಲ್ಟೂ ಇಲ್ಲ, ಬಲ ಹಂಚುವ ಗ್ರಹಗಳ ಗೇರೂ ಇಲ್ಲ. ಊರೊಳಗೆ ಎಂಜಿನ್ ಡೈನಮೋವನ್ನು ಮಾತ್ರ ತಿರುಗಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೆದ್ದಾರಿಯ ವೇಗದಲ್ಲಿ ಒಂದು ಕ್ಲಚ್ ಬಿಗಿದು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಅದೇ ಸಿಟಿಯ ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿರುವುದು ಬೆಲ್ಟಿನ ಸಿವಿಟಿ.

ಬಲ್ಲ ಕೈಗಳ ಊರು

ಮಾರಿಕುಪ್ಪಂನಲ್ಲಿ ನಿಂತು ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ಗ್ರಹಗಳ ಗೇರು ಈ ಊರಿಗೆ ಹೊಸದಲ್ಲ. 1964ರಲ್ಲಿ ಹುಟ್ಟಿದ ಬೆಮೆಲ್ ಇಲ್ಲಿ ಬುಲ್ಡೋಜರು ಕಟ್ಟುತ್ತದೆ. ಅದರ ಕೆಜಿಎಫ್ ಸಂಕೀರ್ಣದಲ್ಲಿ ಹೈಡ್ರಾಲಿಕ್ಸ್ ಮತ್ತು ಪವರ್‌ಲೈನ್ ವಿಭಾಗವೇ ಇದೆ. ಭಾರಿ ಬುಲ್ಡೋಜರಿನ ಪವರ್‌ಶಿಫ್ಟ್ ಗೇರ್‌ಬಾಕ್ಸಿನ ಎದೆಯಲ್ಲಿರುವುದೂ ಸೂರ್ಯ, ಗ್ರಹ, ಉಂಗುರಗಳೇ. ಅಲ್ಲಿ ಎಣ್ಣೆಯ ಒತ್ತಡದ ಕ್ಲಚ್ಚುಗಳು ಒಂದೊಂದು ಉಂಗುರವನ್ನು ಹಿಡಿದು ಬಿಟ್ಟು ಗೇರು ಬದಲಿಸುತ್ತವೆ. ಹೈಬ್ರಿಡ್ ಕಾರಿನಲ್ಲಿ ಕ್ಲಚ್ಚಿನ ಜಾಗಕ್ಕೆ ವಿದ್ಯುತ್ ಯಂತ್ರ ಬಂದಿದೆ. ಬೆಮೆಲ್‌ನಲ್ಲಿ ಇಂಥ ಗೇರು ಜೋಡಿಸಿ ನಿವೃತ್ತರಾದವರಿಗೆ ಹೈಕ್ರಾಸಿನ ಅರ್ಧ ಪಾಠ ಆಗಲೇ ಬಾಯಿಪಾಠ.

ಉಳಿದರ್ಧ ಕರೆಂಟಿನ ಪಾಠ. ಅಲ್ಲಿ ಎಚ್ಚರ ತಪ್ಪುವಂತಿಲ್ಲ. ಹೈಬ್ರಿಡ್‌ನೊಳಗಿನ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ನೂರಾರು ವೋಲ್ಟಿನ ಕರೆಂಟು ಹರಿಯುತ್ತದೆ. ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕನಿಷ್ಠ 10 ನಿಮಿಷ ಕಾಯಬೇಕು, ಇನ್ವರ್ಟರಿನ ಕೆಪ್ಯಾಸಿಟರುಗಳು ಬರಿದಾಗಲು. ಕೆಟ್ಟು ನಿಂತ ಹೈಬ್ರಿಡ್ ಕಾರನ್ನು, ಮೋಟಾರು ತಿರುಗಿಸುವ ಚಕ್ರಗಳನ್ನು ನೆಲಕ್ಕೆ ಬಿಟ್ಟು ಹಗ್ಗ ಕಟ್ಟಿ ಎಳೆಯಬಾರದು. ಚಕ್ರ ತಿರುಗಿದರೆ ಅಯಸ್ಕಾಂತದ ಮೋಟಾರು ಕರೆಂಟು ಹುಟ್ಟಿಸುತ್ತಲೇ ಇರುತ್ತದೆ. ಬೆಲ್ಟಿನ ಸಿವಿಟಿಯನ್ನೂ ಹಾಗೆ ಎಳೆಯುವಂತಿಲ್ಲ, ಆದರೆ ಕಾರಣ ಬೇರೆ: ಎಂಜಿನ್ ಆರಿದ್ದರೆ ಎಣ್ಣೆಯ ಪಂಪೂ ನಿಂತಿರುತ್ತದೆ. ಹೈಬ್ರಿಡ್‌ಗೆ ‘ಸಿವಿಟಿ ಆಯಿಲ್’ ಕೇಳಿ ಹಾಕಿಸುವುದೂ ತಪ್ಪು. ಹೆಸರಿನ ಗೊಂದಲ ಜೇಬಿಗೂ ಜೀವಕ್ಕೂ ತಾಗುವುದು ಇಂಥಲ್ಲಿ.

ಈ ಪಾಠ ಸಣ್ಣ ಗ್ಯಾರೇಜುಗಳಿಗೆ ಕನ್ನಡದಲ್ಲಿ, ತಮಿಳಿನಲ್ಲಿ ಸಿಗಬೇಕು. ಐಟಿಐಗಳ ಬೆಂಚಿನ ಮೇಲೆ ಬಿಚ್ಚಿಟ್ಟ ಹೈಬ್ರಿಡ್ ಗೇರ್‌ಬಾಕ್ಸು ಇರಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಯಂತ್ರ ಬಲ್ಲ ಸಾವಿರಾರು ಕೈಗಳಿಗೆ ಕೆಲಸ ತಪ್ಪಿತು. ಅವರ ಮಕ್ಕಳಲ್ಲಿ ಅನೇಕರು ಇಂದಿಗೂ ಬೆಳಗಿನ ರೈಲು ಹಿಡಿಯುತ್ತಾರೆ. ಬಿಡದಿಯಲ್ಲಿ ಕಟ್ಟಿದ ಕಾರು ಮಾರಿಕುಪ್ಪಂನ ಅಂಗಳಕ್ಕೆ ಬಂದಾಗಿದೆ. ಅದನ್ನು ರಿಪೇರಿ ಮಾಡುವ ವಿದ್ಯೆಯೂ ಬರಲಿ.

ಹೊತ್ತು ಹನ್ನೊಂದಾಗಿತ್ತು. ಮೇಸ್ತ್ರಿ ಕರ್ಪೂರ ಬೆಳಗಿ, ಹೈಕ್ರಾಸಿನ ಬಾನೆಟ್ಟಿಗೆ ಕುಂಕುಮ ಇಟ್ಟರು. ಪಕ್ಕದಲ್ಲಿ ಹುಡುಗನೊಬ್ಬ ಆಕ್ಟಿವಾಗೆ ಹೊಸ ಬೆಲ್ಟು ಕೂರಿಸಿ, ಕವರಿನ ಬೋಲ್ಟು ಬಿಗಿದು, ಕಿಕ್ ಹೊಡೆದ. ಅದು ಬಡಬಡಿಸುತ್ತ ಮುಂದೆ ಹೋಯಿತು. ಅದರ ಚಕ್ರದಡಿಯ ನಿಂಬೆಹಣ್ಣು ಯಾವಾಗ ಅಪ್ಪಚ್ಚಿಯಾಯಿತೋ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಚಾಲಕ ಇನ್ನೋವಾದ ಬಟನ್ ಒತ್ತಿದ. ಎಂಜಿನ್ ಏಳಲಿಲ್ಲ. ಸೂರ್ಯನನ್ನು ಹಿಂದಕ್ಕೆ ತಿರುಗಲು ಬಿಟ್ಟು, ದೊಡ್ಡ ಮೋಟಾರೊಂದೇ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಂದಿತು. ಅಂಗಳದಲ್ಲಿದ್ದವರೆಲ್ಲರಿಗೂ ಕೇಳಿಸಿತು, ನಾಲ್ಕು ನಿಂಬೆಹಣ್ಣು ಪಟಪಟನೆ ಒಡೆದ ಸದ್ದು.